ಕನ್ನಡಕ್ಕೆ ನೊಬೆಲ್ ಯಾವಾಗ ಅಂತ ಕೇಳೋ ಮುಂಚೆ

ಪ್ರತಿ ಅಕ್ಟೋಬರ್‌ನಲ್ಲಿ ಸಾಹಿತ್ಯದ ನೊಬೆಲ್ ಘೋಷಣೆಯಾದ ಸಂಜೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಪ್ರಶ್ನೆ: ಕನ್ನಡಕ್ಕೆ ಯಾವಾಗ? ಕುವೆಂಪು, ಕಾರಂತರಿಗೆ ಅನ್ಯಾಯ ಆಯ್ತು ಅನ್ನೋ ಮಾತೂ ಜೊತೆಗೆ ಬರುತ್ತೆ. 2025ರಲ್ಲಿ ಹಂಗೇರಿಯ ಲಾಸ್ಲೋ ಕ್ರಾಸ್ನಹೊರ್ಕೈಗೆ ಬಂದಾಗ ಹಾಸನ ಜಿಲ್ಲೆಯ ನಾವು ಇನ್ನೊಂದು ಸೇರಿಸಿದೆವು: ಮುಂದಿನದು ನಮ್ಮ ಬಾನು ಮುಷ್ತಾಕ್‌ಗೆ.

ಈ ಆಸೆ ಬರೀ ಹುಚ್ಚೇನಲ್ಲ. ಕ್ರಾಸ್ನಹೊರ್ಕೈಗೆ 2015ರಲ್ಲೇ ಅಂತಾರಾಷ್ಟ್ರೀಯ ಬುಕರ್ ಸಿಕ್ಕಿತ್ತು. ದಕ್ಷಿಣ ಕೊರಿಯಾದ ಹಾನ್ ಕಾಂಗ್‌ಗೆ 2016ರಲ್ಲಿ ಬುಕರ್, 2024ರಲ್ಲಿ ನೊಬೆಲ್. ಪೋಲೆಂಡಿನ ಓಲ್ಗಾ ತೊಕಾರ್ಚುಕ್ ಹಾದಿಯೂ ಅದೇ. ಆದರೆ ಕೊರಿಯಾ, ಪೋಲೆಂಡ್ ಎರಡೂ ತಮ್ಮ ಸಾಹಿತ್ಯವನ್ನ ಹೊರಗಿನ ಭಾಷೆಗಳಿಗೆ ಒಯ್ಯೋಕೆ ಅಂತಲೇ ಸರ್ಕಾರಿ ಸಂಸ್ಥೆ ಕಟ್ಟಿ, ವರ್ಷಗಟ್ಟಲೆ ದುಡ್ಡು ಹಾಕಿವೆ. ಪ್ರಶಸ್ತಿ ಬಂದಿದ್ದು ಆಮೇಲೆ.

ನಮ್ಮ ಕಥೆ ನೋಡಿ. ಬಾನು ಮೂರು ದಶಕ ಬರೆದ ಕಥೆಗಳಲ್ಲಿ 12ನ್ನ ಆರಿಸಿ ಇಂಗ್ಲಿಷಿಗೆ ತಂದವರು ಮಡಿಕೇರಿಯ ದೀಪಾ ಭಾಸ್ತಿ. ಆ ಅನುವಾದಕ್ಕೆ ಮೊದಲೇ ಬೆಂಬಲ ಕೊಟ್ಟಿದ್ದು ಬ್ರಿಟನ್ನಿನ ಇಂಗ್ಲಿಷ್ ಪೆನ್ ಸಂಸ್ಥೆ. 2025ರ ಮೇ 20ರಂದು 'ಹಾರ್ಟ್ ಲ್ಯಾಂಪ್' ಗೆದ್ದಾಗ 50,000 ಪೌಂಡ್‌ನ್ನ ಇಬ್ಬರಿಗೂ ಸಮನಾಗಿ ಹಂಚಿದರು. ಗೆದ್ದ ಮೇಲೆ ನಮ್ಮ ಸರ್ಕಾರವೂ ತಲಾ 10 ಲಕ್ಷ ಕೊಟ್ಟು ಸನ್ಮಾನಿಸಿತು. ಸಂತೋಷ. ಗೆಲ್ಲೋ ಮುಂಚೆ?

ಆನೇಮಹಲ್ ಕಡೆ ರೊಬಸ್ಟಾ ಬೆಳೆಯೋರು ಬೆಳಗ್ಗೆ ಎದ್ದು ಮೊಬೈಲಲ್ಲಿ ಲಂಡನ್ ರೇಟ್ ನೋಡ್ತಾರೆ. ಹಾಸನದ ವಕೀಲೆಯೊಬ್ಬರ ಕಥೆಗೂ ಲಂಡನ್ನಿನಲ್ಲೇ ರೇಟ್ ಕಟ್ಟಿಸಿಕೊಂಡು ಬಂದ ಮೇಲೆ ನಾವು ಪಟಾಕಿ ಹೊಡೆದೆವು. ಅವರ ಕನ್ನಡ ಪುಸ್ತಕ ಅದಕ್ಕೂ ಮುಂಚೆ ನಮ್ಮಲ್ಲಿ ಎಷ್ಟು ಜನ ಓದಿದ್ದೆವು? ನಾನೂ ಆ ಮೇ ತಿಂಗಳ ನಂತರವೇ ಹುಡುಕಿ ತಂದವನು.

ನಾಲ್ಕು ತಿಂಗಳಲ್ಲಿ ಮಾತೇ ಬದಲಾಯ್ತು. ದಸರಾ ಉದ್ಘಾಟನೆಗೆ ಬಾನು ಅವರನ್ನ ಕರೆದದ್ದೇ ತಡ, ಅವರ ಧರ್ಮ ಹಿಡಿದು ಜಗಳ. ಹೈಕೋರ್ಟ್ ಅರ್ಜಿ ತಿರಸ್ಕರಿಸಿತು, ಸುಪ್ರೀಂ ಕೋರ್ಟ್ ಕೂಡ. ಸೆಪ್ಟೆಂಬರ್ 22ಕ್ಕೆ ಅವರೇ ಉದ್ಘಾಟಿಸಿದರು. ಇಷ್ಟು ದೊಡ್ಡ ಗದ್ದಲದಲ್ಲಿ ಅವರ ಒಂದು ಕಥೆಯ ಬಗ್ಗೆಯಾದರೂ ಚರ್ಚೆ ನಡೆದಿದ್ದು ನನಗೆ ಕಾಣಲಿಲ್ಲ. ಮುಸ್ಲಿಂ ಹೆಣ್ಣುಮಕ್ಕಳ ಮೇಲಿನ ಮನೆಯೊಳಗಿನ ದಬ್ಬಾಳಿಕೆ ಬಗ್ಗೆ ಬರೆದು ಸ್ವಂತ ಸಮುದಾಯದ ಸಿಟ್ಟನ್ನೂ ಎದುರಿಸಿದವರು ಅವರು. ಅದು ಎರಡೂ ಕಡೆಯವರಿಗೆ ಬೇಕಿರಲಿಲ್ಲ.

ಇನ್ನು ನೊಬೆಲ್. ಸಾಹಿತ್ಯ, ಭಾಷಾಶಾಸ್ತ್ರದ ಪ್ರಾಧ್ಯಾಪಕರು ಸ್ವೀಡಿಷ್ ಅಕಾಡೆಮಿಗೆ ಹೆಸರು ಸೂಚಿಸಬಹುದು. ಜನವರಿ 31 ಗಡುವು. ನಮ್ಮ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರಿಗೂ ಈ ಹಕ್ಕಿದೆ. ಯಾರನ್ನ ಸೂಚಿಸಿದರು ಅನ್ನೋದು 50 ವರ್ಷ ಗುಟ್ಟು, ಹಾಗಾಗಿ ರಾಜಕೀಯದ ಹೆದರಿಕೆಯೂ ಬೇಡ. ಕಷ್ಟ ಬೇರೆ ಕಡೆ ಇದೆ: ಹೆಸರು ಕಳಿಸಬಹುದು, ಸ್ಟಾಕ್‌ಹೋಮಿನವರು ಓದೋದಕ್ಕೆ ಅದರ ಜೊತೆ ಯಾವ ಪುಸ್ತಕ ಕಳಿಸ್ತೀವಿ?