ಅಂಗಿಯ ಬೆಲೆ ಒಂಬತ್ತು ಪೌಂಡ್ ಹದಿನೈದು ಪೆನ್ಸ್

ಚೀನಾದಲ್ಲಿ ಹೈಸ್ಕೂಲು ಮುಗಿಸಿದ ಯಾರನ್ನಾದರೂ ಹಿಡಿದು ‘ಆ ಅಂಗಿಯ ಬೆಲೆ ಎಷ್ಟು?’ ಎಂದು ಕೇಳಿದರೆ ನಗುತ್ತಲೇ ಉತ್ತರ ಬರುತ್ತದೆ: ಒಂಬತ್ತು ಪೌಂಡ್ ಹದಿನೈದು ಪೆನ್ಸ್. ಯಾವ ಅಂಗಡಿಯ ಅಂಗಿ, ಕೊಂಡವರು ಯಾರು ಎಂಬುದು ಮಾತ್ರ ಯಾರಿಗೂ ತಿಳಿಯದು. ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆ ‘ಗಾವೊಕಾವೊ’ದ ಇಂಗ್ಲಿಷ್ ಪತ್ರಿಕೆಯಲ್ಲಿ, ಆಲಿಸುವ ಭಾಗ ಶುರುವಾಗುವ ಮುಂಚೆ ಧ್ವನಿವರ್ಧಕದಲ್ಲಿ ಬರುವ ಮಾದರಿ ಪ್ರಶ್ನೆ ಇದು. 19.15, 9.18, 9.15 ಎಂದು ಮೂರು ಆಯ್ಕೆ ಇರುತ್ತವೆ. ಸರಿಯುತ್ತರ ಯಾವುದೆಂದು ಧ್ವನಿಮುದ್ರಿಕೆಯೇ ಹೇಳಿಬಿಡುತ್ತದೆ, ಅದೂ ಚೀನೀ ಭಾಷೆಯಲ್ಲಿ. ಬ್ರಿಟನ್ನಿನಲ್ಲಿ ಬೆಲೆಗಳು ಎಷ್ಟೇ ಏರಲಿ, ಈ ಅಂಗಿಗೆ ಮಾತ್ರ ಇಷ್ಟು ವರ್ಷಗಳಲ್ಲಿ ಅದರ ಬಿಸಿ ತಟ್ಟಿಲ್ಲ. ಒಂದಿಡೀ ತಲೆಮಾರಿಗೆ ಅದೊಂದು ಒಳಗಿನ ತಮಾಷೆಯಾಗಿಬಿಟ್ಟಿದೆ.

ತಮಾಷೆ ಪರೀಕ್ಷೆ ಮುಗಿದ ಮೇಲಿನದು. ಜೂನ್ 8ರ ಮಧ್ಯಾಹ್ನ ಮೂರು ಗಂಟೆಗೆ ಆ ಅಂಗಿಯ ಬೆಲೆ ಕೇಳಿಸುವಾಗ ಯಾರೂ ನಗುವುದಿಲ್ಲ. ನಮ್ಮ ಪಿಯುಸಿ ಅಂಕ, ಸಿಇಟಿ ರ‍್ಯಾಂಕು ಎರಡನ್ನೂ ಒಟ್ಟಿಗೆ ಗಂಟು ಹಾಕಿದರೆ ಎಷ್ಟು ಭಾರವೋ ಗಾವೊಕಾವೊ ಅಷ್ಟು ಭಾರದ ಪರೀಕ್ಷೆ. 2024ರಲ್ಲಿ ಅದಕ್ಕೆ ಹೆಸರು ನೋಂದಾಯಿಸಿದವರು 1 ಕೋಟಿ 34 ಲಕ್ಷ. ಹೆಚ್ಚಿನ ಪ್ರಾಂತ್ಯಗಳಲ್ಲಿ ಒಟ್ಟು ಅಂಕ 750. ಚೀನೀ ಭಾಷೆ, ಗಣಿತ, ವಿದೇಶಿ ಭಾಷೆಗಳಿಗೆ ತಲಾ 150. ಆ 150ರಲ್ಲಿ 30 ಅಂಕ ಆಲಿಸುವುದಕ್ಕೆ. ಉಳಿದ ವಿಷಯಗಳಿಗೆ ಪರೀಕ್ಷೆ ಶುರುವಾಗಿ ಹದಿನೈದು ನಿಮಿಷದವರೆಗೂ ಒಳಗೆ ಬಿಡುತ್ತಾರೆ. ಇಂಗ್ಲಿಷಿಗೆ ಹಾಗಿಲ್ಲ; 2.45ಕ್ಕೇ ಬಾಗಿಲು ಹಾಕುತ್ತಾರೆ. ಒಬ್ಬ ತಡವಾಗಿ ಬಂದು ಕುರ್ಚಿ ಎಳೆದ ಸದ್ದಿಗೆ ಮೂವತ್ತು ಜನರ ಒಂದೊಂದು ಉತ್ತರ ಹೋದೀತು ಎಂಬ ಭಯ.

ಬಾಗಿಲಾಚೆಯ ಊರೂ ಆ ಹೊತ್ತಿಗೆ ಬಾಯಿಗೆ ಬೀಗ ಹಾಕಿಕೊಳ್ಳುತ್ತದೆ. ಪರೀಕ್ಷಾ ಕೇಂದ್ರಗಳ ಸುತ್ತ ಕಟ್ಟಡದ ಕೆಲಸ ನಿಲ್ಲುತ್ತದೆ, ವಾಹನಗಳು ಹಾರ್ನ್ ಮಾಡುವಂತಿಲ್ಲ, ಪೊಲೀಸರು ಪಕ್ಕದ ರಸ್ತೆಗಳನ್ನು ಮುಚ್ಚುತ್ತಾರೆ. ಚೌಕಗಳಲ್ಲಿ ಹಾಡು ಹಾಕಿಕೊಂಡು ಕುಣಿಯುವ ಹಿರಿಯ ಹೆಂಗಸರು ಕೂಡ ಆ ದಿನಗಳ ಮಟ್ಟಿಗೆ ಸ್ಪೀಕರ್ ಮನೆಯಲ್ಲೇ ಬಿಟ್ಟು ಬರುತ್ತಾರೆ. (ದಕ್ಷಿಣ ಕೊರಿಯಾದವರು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಇಂಗ್ಲಿಷ್ ಆಲಿಸುವ ಪರೀಕ್ಷೆಯ ಹೊತ್ತಿಗೆ ದೇಶದ ವಿಮಾನಗಳೇ ಏರುವುದನ್ನೂ ಇಳಿಯುವುದನ್ನೂ ನಿಲ್ಲಿಸುತ್ತವೆ.)

ಇಷ್ಟೆಲ್ಲ ಕಾವಲು ಹಾಕಿ ಕೇಳಿಸುವುದಾದರೂ ಏನು? ಇಪ್ಪತ್ತು ಪ್ರಶ್ನೆ, ಒಂದೊಂದಕ್ಕೆ ಒಂದೂವರೆ ಅಂಕ. ಮೊದಲಿಗೆ ಐದು ಪುಟ್ಟ ಸಂಭಾಷಣೆಗಳು. ಗಂಡಸೊಬ್ಬ ಒಂದು ಮಾತು, ಹೆಂಗಸೊಬ್ಬಳು ಒಂದು ಮಾತು, ಅಲ್ಲಿಗೆ ಮುಗಿಯಿತು. ಇವರು ಎಲ್ಲಿ ಮಾತಾಡುತ್ತಿದ್ದಾರೆ, ಇವರಿಬ್ಬರ ಸಂಬಂಧ ಏನಿರಬಹುದು, ರೈಲು ಎಷ್ಟು ಗಂಟೆಗೆ? ಇದು ಒಂದೇ ಸಲ ಕೇಳಿಸುತ್ತದೆ. ಉತ್ತರ ಗುರುತು ಹಾಕಿ ಮುಂದಿನ ಪ್ರಶ್ನೆ ಓದಿಕೊಳ್ಳಲು ಹತ್ತು ಸೆಕೆಂಡು. ಆಮೇಲೆ ಬರುವ ಉದ್ದದ ಮಾತುಕತೆಗಳನ್ನೂ ಒಬ್ಬರೇ ಮಾತಾಡುವ ತುಣುಕನ್ನೂ ಎರಡೆರಡು ಸಲ ಕೇಳಿಸುತ್ತಾರೆ. ಕೊನೆಗೆ, ಉತ್ತರಗಳನ್ನು ಓಎಂಆರ್ ಹಾಳೆಗೆ ಇಳಿಸಲು ಎರಡು ನಿಮಿಷ. ಪ್ರತಿ ಪ್ರಶ್ನೆಗೂ ಮೂರೇ ಆಯ್ಕೆ ಇರುವುದರಿಂದ ಕಿವಿ ಮುಚ್ಚಿಕೊಂಡು ಕೂತವನಿಗೂ ಸರಾಸರಿ ಹತ್ತು ಅಂಕ ದಕ್ಕಬೇಕು.

ಆ ಧ್ವನಿಮುದ್ರಿಕೆಯ ಇಂಗ್ಲಿಷಿನಂಥ ಇಂಗ್ಲಿಷನ್ನು ಲೋಕದಲ್ಲಿ ಯಾರೂ ಮಾತಾಡುವುದಿಲ್ಲ. ಒಬ್ಬರ ಮಾತಿನ ಮಧ್ಯೆ ಇನ್ನೊಬ್ಬರು ಬಾಯಿ ಹಾಕುವುದಿಲ್ಲ, ತೊದಲುವುದಿಲ್ಲ, ಹಿಂದೆ ಬಸ್ಸಿನ ಸದ್ದಿಲ್ಲ. ಸ್ಟುಡಿಯೋದಲ್ಲಿ ಕೂತು, ಬರೆದುಕೊಟ್ಟಿದ್ದನ್ನು ಬಿಡಿಸಿ ಬಿಡಿಸಿ ಓದುವ ಬ್ರಿಟಿಷ್, ಅಮೆರಿಕನ್ ದನಿಗಳು ಮಾತ್ರ. ಚೀನೀ ವ್ಯಾಪಾರಿ ನಾಳೆ ಮಾತಾಡಬೇಕಾಗುವುದು ನೈಜೀರಿಯಾದವನ ಜೊತೆ, ಬಾಂಗ್ಲಾದೇಶದವನ ಜೊತೆ. ಆ ಇಂಗ್ಲಿಷಿನ ಸುಳಿವೂ ಇಲ್ಲಿಲ್ಲ. ಹಾಗಂತ ಪ್ರಶ್ನೆಪತ್ರಿಕೆ ತಯಾರಿಸುವವರನ್ನು ದಡ್ಡರೆನ್ನುವಂತಿಲ್ಲ. ನಿಜವಾದ ಮಾತನ್ನು ಕೇಳಿಸಿದರೆ ಉತ್ತರದ ಬಗ್ಗೆ ತಕರಾರು ಏಳುತ್ತದೆ. ಒಂದೊಂದು ಅಂಕಕ್ಕೆ ಸಾವಿರ ಜನ ಸಾಲುಗಟ್ಟಿ ನಿಂತಿರುವ ಕಡೆ ತಕರಾರಿಗೆ ಎಡೆಯಿರುವ ಪ್ರಶ್ನೆಯನ್ನು ಯಾರು ತಾನೆ ಕೇಳಿಯಾರು? ‘ಒಂದು ಅಂಕ ಏರು, ಸಾವಿರ ಜನರನ್ನು ತುಳಿ’ ಎಂಬರ್ಥದ ಘೋಷಣೆಗಳು ಅಲ್ಲಿನ ಶಾಲೆಗಳ ಗೋಡೆಗಳ ಮೇಲೇ ಇದ್ದವು. 2012ರಲ್ಲಿ ಹುನಾನ್ ಪ್ರಾಂತ್ಯದ ಒಂದು ಕೇಂದ್ರದಲ್ಲಿ ಕೊನೆಯ ಗಂಟೆಯನ್ನು 4 ನಿಮಿಷ 48 ಸೆಕೆಂಡು ಮುಂಚೆ ಬಾರಿಸಿದವನು ಕೋರ್ಟಿನ ಕಟಕಟೆ ಹತ್ತಬೇಕಾಯಿತು.

ಈ ಅತಿ ಎಚ್ಚರಕ್ಕೆ ಚರಿತ್ರೆಯೂ ಕಾರಣ. ಸಾಂಸ್ಕೃತಿಕ ಕ್ರಾಂತಿಯ ಗದ್ದಲದಲ್ಲಿ ನಿಂತುಹೋಗಿದ್ದ ಪ್ರವೇಶ ಪರೀಕ್ಷೆ 1977ರ ಚಳಿಗಾಲದಲ್ಲಿ ಮತ್ತೆ ಶುರುವಾಯಿತು. ಆಗ ಇಂಗ್ಲಿಷ್ ಕಲಿಸಬಲ್ಲ ಮೇಷ್ಟರುಗಳೇ ಹಳ್ಳಿಗಳಲ್ಲಿ ಇರಲಿಲ್ಲ. ಹಾಗಾಗಿ ಇಂಗ್ಲಿಷ್ ಅಂಕವನ್ನು ಒಮ್ಮೆಗೇ ಹೇರದೆ, ವರ್ಷಕ್ಕಿಷ್ಟು ಪಾಲು ಎಂದು ಏರಿಸುತ್ತಾ ಹೋಗಿ 1983ರಲ್ಲಷ್ಟೇ ಪೂರ್ತಿ ಎಣಿಸಿದರು. ಜಿಯಾಂಗ್ಸು ಪ್ರಾಂತ್ಯದ ಹಳ್ಳಿ ಹುಡುಗ ಯು ಮಿನ್‌ಹಾಂಗ್ 1978ರಲ್ಲಿ ಪರೀಕ್ಷೆಗೆ ಕೂತಾಗ ಇಂಗ್ಲಿಷಿನಲ್ಲಿ ಬಂದದ್ದು 33 ಅಂಕ. ಮರುವರ್ಷವೂ ಡುಮ್ಕಿ. 1980ರಲ್ಲಿ, ಮೂರನೆಯ ಸಲಕ್ಕೆ, ಪೀಕಿಂಗ್ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗವನ್ನೇ ಸೇರಿದ. ಮುಂದೆ 1993ರಲ್ಲಿ ಅವನು ಕಟ್ಟಿದ ‘ನ್ಯೂ ಓರಿಯಂಟಲ್’ ಚೀನಾದ ಅತಿ ದೊಡ್ಡ ಇಂಗ್ಲಿಷ್ ಕೋಚಿಂಗ್ ಕಂಪನಿಗಳಲ್ಲೊಂದಾಯಿತು. ಪರೀಕ್ಷೆಯಲ್ಲಿ ಪೆಟ್ಟು ತಿಂದವನೇ ಪರೀಕ್ಷೆಯಿಂದ ಕೋಟ್ಯಧಿಪತಿಯಾದ ಕತೆ ಚೀನಾದಲ್ಲಿ ಎಲ್ಲರಿಗೂ ಬಾಯಿಪಾಠ.

ಪರೀಕ್ಷೆಗೆ ಈಗಿನ ಆಕಾರ ಬಂದದ್ದು ದಕ್ಷಿಣದ ಗುವಾಂಗ್‌ಡಾಂಗ್‌ನಿಂದ. ಗುವಾಂಗ್‌ಝೌ ವಿದೇಶಿ ಭಾಷಾ ಸಂಸ್ಥೆಯ ಗುಯಿ ಶಿಚುನ್, ಲಿ ಶಿಯಾವೊಜು ಮುಂತಾದವರು ವ್ಯಾಕರಣ, ಅನುವಾದದ ಹಳೇ ಪತ್ರಿಕೆಯನ್ನು ಬದಿಗಿಟ್ಟು, 1985ರಲ್ಲಿ ಅಲ್ಲಿ ಹೊಸ ಮಾದರಿಯ ಪರೀಕ್ಷೆಯನ್ನು ಪ್ರಯೋಗಕ್ಕೆ ತಂದರು. ಆಲಿಸುವ ಭಾಗ ದೇಶದ ಪತ್ರಿಕೆಯೊಳಗೆ ಕಾಲಿಟ್ಟದ್ದು ಇನ್ನೂ ತಡವಾಗಿ, 2000ದ ಆಸುಪಾಸಿನಲ್ಲಿ. ಆಗಲೂ ಎಲ್ಲ ಕಡೆ ಲೆಕ್ಕಕ್ಕೆ ಬರಲಿಲ್ಲ. ಒಳ್ಳೆಯ ಸ್ಪೀಕರಿಲ್ಲದ, ಮೇಷ್ಟರಿಗೇ ಉಚ್ಚಾರ ಸರಿಯಿಲ್ಲದ ಬಡ ಪ್ರಾಂತ್ಯಗಳು ಆಲಿಸುವ ಅಂಕವನ್ನು ಕೈಬಿಟ್ಟು, ಬರಹದ 120 ಅಂಕವನ್ನು 1.25ರಿಂದ ಗುಣಿಸಿ 150 ಮಾಡಿಕೊಂಡವು. ಕಿವಿಯ ಕೆಲಸವನ್ನು ಕ್ಯಾಲ್ಕುಲೇಟರಿಗೆ ವಹಿಸಿದರು ಎನ್ನಬೇಕು. ಪರೀಕ್ಷೆಯಲ್ಲಿ ಇಲ್ಲದ್ದನ್ನು ತರಗತಿಯಲ್ಲಿ ಯಾರು ಕಲಿಸುತ್ತಾರೆ? ಸಾವಿರಾರು ಪದ ಬಾಯಿಪಾಠ ಇದ್ದೂ ಒಂದು ವಾಕ್ಯ ಆಡಲಾಗದ ಇಂಗ್ಲಿಷನ್ನು ಚೀನೀಯರೇ ‘ಮೂಕ ಇಂಗ್ಲಿಷ್’ ಎಂದು ಹಾಸ್ಯ ಮಾಡಿಕೊಳ್ಳುತ್ತಾರೆ.

ಓದಿನ ಭಾಗ ಇದಕ್ಕಿಂತ ಎಷ್ಟೋ ಗಟ್ಟಿ. ಹೊಸ ಪತ್ರಿಕೆಗಳಲ್ಲಿ ಅದಕ್ಕೇ 50 ಅಂಕ. ನಾಲ್ಕು ಭಾಗ, ಹದಿನೈದು ಪ್ರಶ್ನೆ. ಮೊದಲನೆಯದು ಸಾಮಾನ್ಯವಾಗಿ ಮ್ಯೂಸಿಯಮ್ಮಿನ ಟಿಕೆಟ್ಟು, ಬೇಸಿಗೆ ಶಿಬಿರದಂಥ ಮಾಹಿತಿ ಹಾಳೆ. ಎರಡನೆಯದು ಯಾರದೋ ಬದುಕಿನ ಕತೆ. ಉಳಿದೆರಡು ವಿಜ್ಞಾನ, ಸಮಾಜದ ಬಗ್ಗೆ ವಿದೇಶಿ ಪತ್ರಿಕೆಗಳಿಂದ ಆಯ್ದು ತಿದ್ದಿದ ಬರಹಗಳು. ಪಠ್ಯಕ್ರಮದಾಚೆಯ ಪದ ಬಂದರೆ ಪಕ್ಕದಲ್ಲೇ ಚೀನೀ ಅರ್ಥ ಕೊಟ್ಟಿರುತ್ತಾರೆ. ಅದಾದ ಮೇಲೆ ‘ಏಳರಲ್ಲಿ ಐದು’. ಒಂದು ಬರಹದಿಂದ ಐದು ವಾಕ್ಯ ಕಿತ್ತು, ಎರಡು ಸುಳ್ಳು ವಾಕ್ಯ ಬೆರೆಸಿ, ಯಾವುದು ಎಲ್ಲಿಗೆ ಎಂದು ಕೇಳುತ್ತಾರೆ. ಒಂದು ತಪ್ಪಿದರೆ ಅದು ಕೂರಬೇಕಾದ ಇನ್ನೊಂದು ಜಾಗವೂ ಕೆಡುತ್ತದೆ. ಒಂದೇ ಎಡವಟ್ಟಿಗೆ ಐದು ಅಂಕ ಹೋದೀತು. ಆದರೂ ಮಾತಿನಿಂದ ಮಾತಿಗೆ ನಂಟು ಹೇಗೆ ಎಂಬುದನ್ನು ಹಿಡಿಯುವ ಒಳ್ಳೆಯ ಪ್ರಶ್ನೆ ಅದು. ನಮ್ಮ ಪರೀಕ್ಷಾ ಮಂಡಳಿಗಳು ಎರವಲು ತಂದರೂ ನಷ್ಟವಿಲ್ಲ.

ಮಕ್ಕಳೇನು ಕಡಿಮೆಯೇ? ‘ಮೂರು ಉದ್ದ, ಒಂದು ಗಿಡ್ಡ ಇದ್ದರೆ ಗಿಡ್ಡದ್ದು, ಮೂರು ಗಿಡ್ಡ, ಒಂದು ಉದ್ದ ಇದ್ದರೆ ಉದ್ದದ್ದು’ ಎಂಬ ಸೂತ್ರ ಅಲ್ಲಿನ ಹಾಸ್ಟೆಲುಗಳಲ್ಲಿ ಹಿರಿಯರಿಂದ ಕಿರಿಯರಿಗೆ ದಾಟುತ್ತ ಬಂದಿದೆ. ‘ಎಂದಿಗೂ’, ‘ಎಲ್ಲರೂ’ ಎಂಬಂಥ ಪದವಿರುವ ಆಯ್ಕೆಯನ್ನು ಕಣ್ಣು ಮುಚ್ಚಿ ಹೊಡೆದುಹಾಕು, ‘ಆದರೆ’ ಬಂದ ಕಡೆ ಉತ್ತರ ಅಡಗಿದೆ ಎಂಬ ಗುಟ್ಟುಗಳನ್ನು ಕೋಚಿಂಗ್ ಮೇಷ್ಟರುಗಳು ಮಾರಿ ಉಂಡಿದ್ದಾರೆ. ಪತ್ರಿಕೆ ಮಾಡುವವರಿಗೂ ಇದೆಲ್ಲ ಗೊತ್ತು. ಆಯ್ಕೆಗಳ ಉದ್ದವನ್ನು ಅಳೆದು ಸರಿದೂಗಿಸುತ್ತಾರೆ. ಈ ಕಳ್ಳ–ಪೊಲೀಸ್ ಆಟದಿಂದ ತಪ್ಪಿಸಿಕೊಳ್ಳಲೆಂದೇ 2016ರಲ್ಲಿ ಝೆಜಿಯಾಂಗ್ ಪ್ರಾಂತ್ಯ ಹೊಸದೊಂದನ್ನು ತಂದಿತು. ಅರ್ಧ ಕತೆ ಓದಿ, ಕೊಟ್ಟ ಎರಡು ಆರಂಭದ ವಾಕ್ಯಗಳಿಂದ ಮುಂದಿನೆರಡು ಪ್ಯಾರಾ ಬರೆಯಬೇಕು. ಈಗ ಅದು ದೇಶದ ಹೊಸ ಪತ್ರಿಕೆಯಲ್ಲಿ 25 ಅಂಕದ ಪ್ರಶ್ನೆ. ಕತೆ ಅರ್ಥವಾಗದವನು ಇಲ್ಲಿ ಗಿಡ್ಡದ್ದು ಉದ್ದದ್ದು ನೋಡಿ ಪಾರಾಗಲಾರ. ಆದರೆ ತಿರುವಿಗೊಂದು, ಕಣ್ಣೀರಿಗೊಂದು, ಸೂರ್ಯಾಸ್ತಕ್ಕೊಂದು ಸಿದ್ಧ ವಾಕ್ಯ ಬಾಯಿಪಾಠ ಮಾಡಿಸುವ ಪುಸ್ತಕಗಳು ಪೇಟೆಗೆ ಬರಲು ತಡವೇನೂ ಆಗಲಿಲ್ಲ.

ಅದೇ ಝೆಜಿಯಾಂಗ್ ಎರಡೇ ವರ್ಷಕ್ಕೆ ದೊಡ್ಡ ಪಾಠವನ್ನೂ ಕಲಿಯಿತು. ಒಂದೇ ಮಧ್ಯಾಹ್ನಕ್ಕೆ ಮಗುವಿನ ಹಣೆಬರಹ ನಿರ್ಧಾರವಾಗುವುದು ಬೇಡವೆಂದು ಝೆಜಿಯಾಂಗ್, ಶಾಂಘೈಗಳಲ್ಲಿ ಇಂಗ್ಲಿಷಿಗೆ ವರ್ಷದಲ್ಲಿ ಎರಡು ಅವಕಾಶ ಕೊಟ್ಟು, ಹೆಚ್ಚು ಬಂದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪದ್ಧತಿ ಬಂದಿತ್ತು. ಕೇಳಲು ಎಷ್ಟು ಚೆನ್ನ! ಆದರೆ ಎರಡು ಪತ್ರಿಕೆಗಳ ಕಷ್ಟ ಒಂದೇ ಎಂದು ಯಾವ ತಕ್ಕಡಿಯಲ್ಲಿ ತೂಗುವುದು? 2018ರ ನವೆಂಬರಿನ ಪತ್ರಿಕೆ ಹಿಂದಿನ ವರ್ಷದ್ದಕ್ಕಿಂತ ಕಠಿಣವಾಗಿತ್ತು. ಅಧಿಕಾರಿಗಳು ಓದಿನ ಮತ್ತು ಬರವಣಿಗೆಯ ಕೆಲವು ಪ್ರಶ್ನೆಗಳಿಗೆ, ಯಾರಿಗೂ ಮುಂಚೆ ಹೇಳದೆ, ಅಂಕ ಹೆಚ್ಚಿಸಿ ಫಲಿತಾಂಶ ಕೊಟ್ಟರು. ಮೊದಲೇ ಪೂರ್ತಿ ಅಂಕದ ಹತ್ತಿರ ಇದ್ದವರಿಗೆ ಇದರಿಂದ ಸಿಕ್ಕಿದ್ದು ಅತ್ಯಲ್ಪ, ಕೆಳಗಿದ್ದವರು ಪುಕ್ಕಟೆ ಮೇಲೆ ಬಂದರು. ಮಕ್ಕಳು ತಮ್ಮ ಅಂಕ ತಾವೇ ಕೂಡಿ ನೋಡಿದಾಗ ಲೆಕ್ಕ ತಾಳೆಯಾಗಲಿಲ್ಲ. ತಂದೆತಾಯಂದಿರು ರೊಚ್ಚಿಗೆದ್ದರು. ಪ್ರಾಂತ್ಯ ಸರ್ಕಾರ ತನಿಖೆ ನಡೆಸಿ, ಡಿಸೆಂಬರಿನ ಮೊದಲ ವಾರ ಆ ಹೆಚ್ಚುವರಿ ಅಂಕಗಳನ್ನು ರದ್ದುಮಾಡಿ ಮೂಲ ಅಂಕವನ್ನೇ ಉಳಿಸಿತು. ಪ್ರಾಂತ್ಯದ ಶಿಕ್ಷಣ ಇಲಾಖೆಯ ಮುಖ್ಯಸ್ಥರು ಕುರ್ಚಿ ಕಳೆದುಕೊಂಡರು.

ಅಧಿಕಾರಿಗಳ ಉದ್ದೇಶ ಕೆಟ್ಟದ್ದಾಗಿರಲಿಲ್ಲ, ಮಾಡಿದ ರೀತಿ ಮಾತ್ರ ಕ್ಷಮಿಸುವಂಥದ್ದಲ್ಲ. ಅಮೆರಿಕದ ಎಸ್‌ಎಟಿ, ಟೋಫೆಲ್‌ಗಳು ಬೇರೆ ಬೇರೆ ಪತ್ರಿಕೆಗಳ ಅಂಕವನ್ನು ಸರಿದೂಗಿಸುವ ಲೆಕ್ಕವನ್ನು ದಶಕಗಳಿಂದ ಮಾಡುತ್ತ ಬಂದಿವೆ. ಅದಕ್ಕೆ ಪ್ರಶ್ನೆಗಳನ್ನು ಮೊದಲೇ ಬೇರೆಯವರ ಮೇಲೆ ಪ್ರಯೋಗಿಸಿ ನೋಡಬೇಕು. ಚೀನಾದಲ್ಲಿ ಗಾವೊಕಾವೊ ಪ್ರಶ್ನೆ ಎಂದರೆ ಸರ್ಕಾರಿ ರಹಸ್ಯ. ಹೊರಗೆ ಬಿಟ್ಟರೆ ಸೋರಿತು ಎಂದೇ ಲೆಕ್ಕ. ಗುಟ್ಟು ಕಾಯಬೇಕು, ಎರಡು ಪತ್ರಿಕೆಗಳನ್ನು ತೂಗಲೂ ಬೇಕು ಎಂದರೆ ಆಗದ ಮಾತು.

ಕಿವಿಯ ಜೊತೆ ಬಾಯಿಯನ್ನೂ ಪರೀಕ್ಷಿಸುವ ದಾರಿಯನ್ನು ಮತ್ತೆ ಗುವಾಂಗ್‌ಡಾಂಗೇ ತೋರಿಸಿತು. 2011ರಿಂದ ಅಲ್ಲಿ ಆಲಿಸುವ ಭಾಗ ಜೂನಿನ ಪತ್ರಿಕೆಯಲ್ಲಿಲ್ಲ. ಮಾರ್ಚಿನಲ್ಲಿ ಹುಡುಗ ಹುಡುಗಿಯರು ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂರುತ್ತಾರೆ. ಒಂದು ವಿಡಿಯೋ ತುಣುಕು ನೋಡಿ ಅದರ ದನಿಯನ್ನೇ ಅನುಸರಿಸಿ ಓದಬೇಕು; ಆಮೇಲೆ ಕಂಪ್ಯೂಟರಿಗೆ ಮೂರು ಪ್ರಶ್ನೆ ಕೇಳಿ, ಅದು ಕೇಳುವ ಐದಕ್ಕೆ ಉತ್ತರ ಹೇಳಬೇಕು; ಕೊನೆಗೆ ಒಂದು ಕತೆ ಕೇಳಿ ತಮ್ಮ ಮಾತಿನಲ್ಲಿ ಮತ್ತೆ ಹೇಳಬೇಕು. ಕೋಣೆಯ ತುಂಬ ಎಲ್ಲರೂ ಒಟ್ಟಿಗೆ ಇಂಗ್ಲಿಷ್ ಒದರುವಾಗ ಪಕ್ಕದವನ ಕತೆ ತನ್ನ ಕತೆಯೊಳಗೆ ನುಗ್ಗುವುದೂ ಉಂಟು. ಬೀಜಿಂಗ್ 2021ರ ಬ್ಯಾಚಿನಿಂದ ಆಲಿಸುವುದು, ಮಾತಾಡುವುದು ಎರಡನ್ನೂ ಸೇರಿಸಿ 50 ಅಂಕಕ್ಕೆ ಕಂಪ್ಯೂಟರ್ ಪರೀಕ್ಷೆ ಮಾಡಿದೆ, ಎರಡು ಅವಕಾಶಗಳ ಸಮೇತ. ಇಂಗ್ಲಿಷ್ ಕಲಿಕೆಯ ದೃಷ್ಟಿಯಿಂದ ಅನುಮಾನವೇ ಬೇಡ, ಇದು ಹಳೆಯದಕ್ಕಿಂತ ಮೇಲು.

ಬೀಜಿಂಗ್ ಮಾಡಿದ್ದನ್ನು ಗಾನ್ಸು ಪ್ರಾಂತ್ಯದ ಬೆಟ್ಟದ ಊರು ಮಾಡಬಲ್ಲುದೇ ಎಂಬಲ್ಲಿ ಗಾಡಿ ನಿಲ್ಲುತ್ತದೆ. ಈ ಅಡ್ಡಿ ತಪ್ಪಿಸಲು ಕೆಲವರು ಸುಲಭದ ದಾರಿ ಹೇಳುತ್ತಾರೆ: ಇಂಗ್ಲಿಷಿನ ತೂಕವನ್ನೇ ಇಳಿಸಿಬಿಡಿ. 2013ರಲ್ಲಿ ಬೀಜಿಂಗ್ ಅದನ್ನು 150ರಿಂದ 100ಕ್ಕೆ ಇಳಿಸುವ ಕರಡನ್ನೇ ಪ್ರಕಟಿಸಿತ್ತು, ಜಾರಿಯಾಗಲಿಲ್ಲ. 2021ರ ಮಾರ್ಚಿನಲ್ಲಿ ರಾಜಕೀಯ ಸಲಹಾ ಸಮ್ಮೇಳನದ ಸದಸ್ಯರೊಬ್ಬರು ಇಂಗ್ಲಿಷಿಗೆ ಚೀನೀ, ಗಣಿತದ ಸಮಾನ ಸ್ಥಾನ ಬೇಡವೆಂದರು. ಶಿಕ್ಷಣ ಸಚಿವಾಲಯ ಒಪ್ಪಲಿಲ್ಲ. ಒಪ್ಪದ್ದು ಸರಿಯೇ. ತೂಕ ಇಳಿದರೆ ಪೇಟೆಯ ಸಿರಿವಂತರ ಮಕ್ಕಳಿಗೆ ನಷ್ಟವಿಲ್ಲ, ಅವರ ಇಂಗ್ಲಿಷ್ ಮನೆಯಲ್ಲೇ ಬೆಳೆಯುತ್ತದೆ. ಜಿಲ್ಲಾ ಶಾಲೆಯ ಹುಡುಗಿಯ ತರಗತಿಯಲ್ಲಿ ಬೆಳಿಗ್ಗೆ ಹದಿನೈದು ನಿಮಿಷ ಇಂಗ್ಲಿಷ್ ಧ್ವನಿಮುದ್ರಿಕೆ ಹಾಕುವುದು ಆ 30 ಅಂಕದ ಭಯಕ್ಕೆ ಮಾತ್ರ. ಈಗಾಗಲೇ ಇಂಗ್ಲಿಷ್ ಹತ್ತದ ಅದೆಷ್ಟೋ ಮಕ್ಕಳು ಹದಿನಾರನೇ ವಯಸ್ಸಿಗೆ ಜಪಾನೀ ಭಾಷೆಗೆ ಜಿಗಿಯುತ್ತಿದ್ದಾರೆ. ವಿದೇಶಿ ಭಾಷೆಯಾಗಿ ಆರರಲ್ಲಿ ಒಂದನ್ನು ಆರಿಸಿಕೊಳ್ಳಬಹುದು, ಜಪಾನೀ ಲಿಪಿಯಲ್ಲಿ ಅರ್ಧಕ್ಕರ್ಧ ಗುರುತಿನ ಅಕ್ಷರಗಳು. ಇಂಗ್ಲಿಷ್ ಕಲಿಸಲಾಗದ ಶಾಲೆಗಳೇ ಅವರನ್ನು ಅತ್ತ ತಳ್ಳುವುದೂ ಇದೆ.

ಅಂಕ ಇಳಿಸುವ ಚರ್ಚೆಗೆ ಖರ್ಚಾಗುವ ಕಾಲವನ್ನು ಕಂಪ್ಯೂಟರ್ ಕೋಣೆಗಳಿಗೆ ಕೊಡುವುದು ಮೇಲು. ಬಡ ಪ್ರಾಂತ್ಯಗಳ ಪ್ರತಿ ಹೈಸ್ಕೂಲಿಗೂ ಕೇಂದ್ರದ ದುಡ್ಡಿನಲ್ಲಿ ಹೆಡ್‌ಫೋನು, ಯಂತ್ರ, ತರಬೇತಾದ ಮೇಷ್ಟರು ತಲುಪಲಿ. ಮಕ್ಕಳು ಅವುಗಳ ಮುಂದೆ ಮೂರು ವರ್ಷ ಕೂತು ಅಭ್ಯಾಸ ಮಾಡಲಿ. ಬಾಯಿಮಾತಿನ ಅಂಕವನ್ನು ಆ ಬ್ಯಾಚಿನಿಂದ ಎಣಿಸಿದರೆ ಸಾಕು. 1980ರ ಸುಮಾರಿಗೆ ಇಂಗ್ಲಿಷ್ ಅಂಕವನ್ನೇ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿದ ಇಲಾಖೆಗೆ ಇದೇನೂ ಹೊಸ ಲೆಕ್ಕವಲ್ಲ.