ಆ ಕೂಸಿನ ಪರವಾಗಿ ನೀವು ಮಾತಾಡಿ

ಥಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಯ ಕನ್ನಡದ ಬಂಧುಗಳೇ, 2022ರ ಆ ಚಳಿಗಾಲವನ್ನು ನೀವು ಮರೆತಿರಲಾರಿರಿ. ಮುಂಬಯಿಯ ಗೋವಂಡಿಯಲ್ಲಿ, ನಮ್ಮದೇ ಜಿಲ್ಲೆಯ ಭಿವಂಡಿಯಲ್ಲಿ ದಡಾರ ಹಬ್ಬಿತು, ಎಳೆಯ ಕೂಸುಗಳು ಕಣ್ಮುಚ್ಚಿದವು. ತೀರಿಕೊಂಡವರಲ್ಲಿ ಬಹುಪಾಲು ಮಕ್ಕಳಿಗೆ ಲಸಿಕೆಯೇ ಆಗಿರಲಿಲ್ಲ. ಓದಿ ಮರುಗಿದೆವು, ಅದು ಆ ಬಸ್ತಿಗಳ ಪಾಡು ಎಂದು ಪತ್ರಿಕೆ ಮಡಚಿಟ್ಟೆವು.

ನಿಮಗೆ ಗೊತ್ತು, ಅದು ಬರೀ ಬಸ್ತಿಯ ಪಾಡಲ್ಲ. ದಡಾರದ ಮಗು ಕೆಮ್ಮಿ ಹೋದ ಕೋಣೆಯ ಗಾಳಿಯಲ್ಲಿ ವೈರಾಣು 2 ಗಂಟೆಯವರೆಗೂ ಉಳಿಯಬಲ್ಲದು. ದದ್ದು ಏಳುವ 4 ದಿನ ಮೊದಲೇ ಅದು ಹರಡಲು ತೊಡಗಿರುತ್ತದೆ.

ನಿಮಗೆ ಗೊತ್ತು, ಮೈಮೇಲೆ ಎದ್ದದ್ದೆಲ್ಲ ಒಂದೇ ಅಲ್ಲ. ಮೂರು ನಾಲ್ಕು ದಿನ ಸುಡುವ ಜ್ವರ, ಕೆಮ್ಮು, ಸುರಿಯುವ ಮೂಗು, ಕೆಂಪೇರಿ ನೀರಾಡುವ ಕಣ್ಣು, ಆಮೇಲೆ ಕಿವಿಯ ಹಿಂದೆ, ಹಣೆಯ ಕೂದಲಂಚಿನಲ್ಲಿ ಮೂಡಿ ಮುಖ, ಕತ್ತು, ಎದೆಗೆ ಇಳಿಯುವ ದದ್ದು ಕಂಡರೆ ದಡಾರವೆಂದೇ ಶಂಕಿಸಿ. ತುರಿಸುವ ನೀರ್ಗುಳ್ಳೆಗಳು ಕಂತುಕಂತಾಗಿ ಎದ್ದು ಹಕ್ಕಳೆಗಟ್ಟಿದರೆ ಚಿಕನ್‌ಪಾಕ್ಸ್. ಬಾಯಲ್ಲಿ ಹುಣ್ಣು, ಅಂಗೈ ಅಂಗಾಲಲ್ಲಿ ಗುಳ್ಳೆಯಾದರೆ ಕೈ-ಕಾಲು-ಬಾಯಿ ರೋಗ. ಈ ಎರಡೂ ಬಹುಪಾಲು ತಾವಾಗಿಯೇ ಇಳಿಯುತ್ತವೆ. ನೀರು, ಗಂಜಿ, ವಿಶ್ರಾಂತಿ, ತೂಕ ನೋಡಿ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು, ಆಸ್ಪಿರಿನ್ ಬೇಡವೇ ಬೇಡ. ದಡಾರವಾದರೆ ಅದೇ ದಿನ ವೈದ್ಯರಿಗೆ ತೋರಿಸಿ. ಒಂದರ ಹಿಂದೊಂದು ಎರಡು ದಿನ ಕೊಡುವ ವಿಟಮಿನ್ ಎ ಮಗುವಿನ ಕಣ್ಣನ್ನೂ ಜೀವವನ್ನೂ ಕಾಯುತ್ತದೆ. ಯಾವ ದದ್ದೇ ಇರಲಿ, ಮಗು ಏದುಸಿರು ಬಿಟ್ಟರೆ, ನೀರೂ ಒಲ್ಲೆನೆಂದರೆ, ಮಂಪರಾದರೆ, ಫಿಟ್ಸ್ ಬಂದರೆ, ಒತ್ತಿದರೂ ಮಾಸದ ಕಲೆ ಕಂಡರೆ ಒಂದು ಗಳಿಗೆಯೂ ಕಾಯಬೇಡಿ.

ಅಮ್ಮ ಬಂದಿದ್ದಾಳೆ ಎಂದು ಬೇವಿನ ಸೊಪ್ಪು ಕಟ್ಟುವ ಅಜ್ಜಿಯ ಭಕ್ತಿಗೆ ನಾನೂ ಕೈಮುಗಿಯುತ್ತೇನೆ. ಮಗುವನ್ನು ಬೇರೆಯಾಗಿ, ಶುಚಿಯಾಗಿ ಇಡುವ ಆ ಕಟ್ಟಳೆ ಒಳ್ಳೆಯದೇ. ಆ ಭಕ್ತಿ ಆಸ್ಪತ್ರೆಯ ದಾರಿಗೆ ಅಡ್ಡ ಬಾರದಿರಲಿ, ಅಷ್ಟೇ.

ನಿಮಗೆ ಗೊತ್ತು, ನಿಮ್ಮ ಸೊಸೈಟಿಯ ಪಕ್ಕದಲ್ಲಿ ಏಳುತ್ತಿರುವ ಕಟ್ಟಡದ ಬುಡದಲ್ಲಿ, ತಗಡಿನ ಶೆಡ್ಡಿನಲ್ಲಿ, ಕಲಬುರಗಿಯಿಂದಲೋ ಯಾದಗಿರಿಯಿಂದಲೋ ದುಡಿಯಲು ಬಂದ ತಾಯಿಯೊಬ್ಬಳು ನಿಮ್ಮದೇ ಭಾಷೆಯಲ್ಲಿ ಕೂಸನ್ನು ಸಂತೈಸುತ್ತಿರುತ್ತಾಳೆ. ದಡಾರಕ್ಕೆ ಹಾಕುವ 9 ತಿಂಗಳ ಸೂಜಿ ಊರಲ್ಲಿ ಆಗಿದ್ದರೂ 16 ತಿಂಗಳದ್ದು ಈ ಅಲೆದಾಟದಲ್ಲಿ ತಪ್ಪಿರಬಹುದು. ಅವಳಿಗೆ ಮರಾಠಿ ಬಾರದು, ಕೂಲಿ ಬಿಟ್ಟರೆ ಒಲೆ ಉರಿಯದು. 9 ತಿಂಗಳು ತುಂಬದ ಹಸುಗೂಸಿಗಂತೂ ಸುತ್ತಲಿನ ನಮ್ಮೆಲ್ಲರ ಮಕ್ಕಳ ಲಸಿಕೆಯೇ ಕಾವಲು.

ಆದ್ದರಿಂದ ಬೇಡಿಕೊಳ್ಳುತ್ತೇನೆ. ದದ್ದೆದ್ದ ಮಗುವಿಗೆ ತುಂಬುತೋಳಿನ ಅಂಗಿ ತೊಡಿಸಿ ಪರೀಕ್ಷೆಗೆ, ಹುಟ್ಟುಹಬ್ಬಕ್ಕೆ ಕಳಿಸಬೇಡಿ. ದಡಾರವಾದರೆ ದದ್ದೆದ್ದ ಮೇಲೆ 4 ದಿನ, ಚಿಕನ್‌ಪಾಕ್ಸ್ ಆದರೆ ಹಕ್ಕಳೆಯೆಲ್ಲ ಒಣಗುವವರೆಗೆ ಮನೆಯಲ್ಲಿಡಿ. ಮುಂದಿನ ಲಸಿಕೆಯ ದಿನ ಆ ತಾಯಿಯ ಜೊತೆ ಪಾಲಿಕೆಯ ಆರೋಗ್ಯ ಕೇಂದ್ರಕ್ಕೆ ನಡೆಯಿರಿ. ಅಲ್ಲಿ ಸೂಜಿಗೆ ದುಡ್ಡಿಲ್ಲ, ತಪ್ಪಿದ ಡೋಸನ್ನು 5 ವರ್ಷದವರೆಗೂ ಹಾಕುತ್ತಾರೆ. ಅವಳಿಗೆ ಬಾರದ ಮಾತು ನಿಮಗೆ ಬರುತ್ತದೆ. ಅವಳ ಪರವಾಗಿ ಆ ಮಾತನ್ನು ನೀವು ಆಡಿ.