ಗೆದ್ದ ಮರುದಿನ

ದುಷ್ಟ ದೊರೆ ಮಡಿದು, ನಾಡಿನಿಂದ ಮರೆಯಾಗಿದ್ದ ಮಂತ್ರಶಕ್ತಿ ಮರಳಿ, ನೊಂದ ಮಕ್ಕಳು ಗೆದ್ದರೆಂದ ಮೇಲೆ ಕಥೆಯಲ್ಲಿ ಹೇಳುವುದು ಇನ್ನೇನು ಉಳಿಯಿತು? ಅಜ್ಜಿಯ ಕಥೆ ಅಲ್ಲಿಗೆ ಮುಗಿಯುತ್ತದೆ. ಅಲ್ಲಿಗೆ ಮುಗಿಯುವುದೇ ಅದರ ಚೆಲುವು. ಎರಡನೆಯ ಸಂಪುಟವನ್ನು ಬರೆಯಹೊರಟವರಿಗೆ ಈ ಸೌಕರ್ಯವಿಲ್ಲ. ಗೆದ್ದ ಮರುದಿನ ಏನಾಯಿತೆಂಬುದಕ್ಕೆ ಅವರು ಉತ್ತರ ಹೇಳಲೇಬೇಕು.

ನೈಜೀರಿಯ ಮೂಲದ ಅಮೆರಿಕನ್ ಲೇಖಕಿ ಟೋಮಿ ಅಡೆಯೆಮಿಯವರ ‘ಚಿಲ್ಡ್ರನ್ ಆಫ್ ವರ್ಚ್ಯೂ ಅಂಡ್ ವೆಂಜೆನ್ಸ್’ (2019) ಈ ಹೊಣೆಯಿಂದ ನುಣುಚಿಕೊಳ್ಳದ ಕಾದಂಬರಿ. 2018ರಲ್ಲಿ ಹೊರಬಂದ ‘ಚಿಲ್ಡ್ರನ್ ಆಫ್ ಬ್ಲಡ್ ಅಂಡ್ ಬೋನ್’ನ ಮುಂದಿನ ಭಾಗವಿದು, 2024ರಲ್ಲಿ ಮೂರನೆಯ ಸಂಪುಟವೂ ಬಂದಿದೆ. ತರುಣರಿಗಾಗಿ ಬರೆದದ್ದು, ಮಾಯಾಮಂತ್ರಗಳಿಂದ ತುಂಬಿದ್ದು ಎಂಬ ಕಾರಣದಿಂದ ಇದನ್ನು ಕೇವಲ ವಿನೋದದ ಓದೆಂದು ಬದಿಗಿಡುವುದು ಉಚಿತವಲ್ಲ. ನಿರಾಯುಧರಾದ ಕರಿಯ ಜನ ಅಮೆರಿಕದಲ್ಲಿ ಪೊಲೀಸರ ಗುಂಡಿಗೆ ಬಲಿಯಾಗುತ್ತಿದ್ದ ಸುದ್ದಿಗಳ ನಡುವೆ ಈ ಕಥೆ ಹುಟ್ಟಿತೆಂದು ಮೊದಲ ಸಂಪುಟದ ಟಿಪ್ಪಣಿಯಲ್ಲಿ ಲೇಖಕಿಯೇ ಹೇಳಿದ್ದಾರೆ. ಕಲ್ಪನೆಯ ನಾಡಿನ ಹಿಂದೆ ದಿಟವಾದ ನೋವಿದೆ.

ಆ ನಾಡಿನ ಹೆಸರು ಒರಿಶಾ. ಪಶ್ಚಿಮ ಆಫ್ರಿಕದ ಯೊರುಬಾ ಜನ ತಮ್ಮ ದೇವತೆಗಳನ್ನು ಕರೆಯುವ ಹೆಸರೇ ಅದು. ಕಥೆಯ ಮಂತ್ರಗಳೂ ಯೊರುಬಾ ಭಾಷೆಯವೇ. ದೊರೆ ಸರಾನ್ ಮಂತ್ರಶಕ್ತಿಯುಳ್ಳವರನ್ನು ಕೊಲ್ಲಿಸಿದಾಗ ಜೆಲಿ ಎಂಬ ಹುಡುಗಿ ತಾಯಿಯನ್ನು ಕಳೆದುಕೊಂಡಳು. ಮುಂದೆ ತಂದೆಯೂ ಅರಸನ ಕಡೆಯವರಿಂದಲೇ ಮಡಿದನು. ಅರಸನ ಮಗಳು ಅಮಾರಿ ಜೆಲಿಯ ಪಕ್ಷವನ್ನು ಸೇರಿ ಸ್ವಂತ ತಂದೆಯನ್ನೇ ಕೊಂದಳು. ಶಕ್ತಿ ಮರಳಿತು. ಮೊದಲ ಸಂಪುಟ ಇಲ್ಲಿಗೆ ಮುಗಿಯುತ್ತದೆ.

ಎರಡನೆಯದರಲ್ಲಿ ಗೆಲುವೇ ತೊಡಕಾಗುತ್ತದೆ. ಶಕ್ತಿಯನ್ನು ಮರಳಿ ತಂದ ವಿಧಿ ನೊಂದವರನ್ನಷ್ಟೇ ಆರಿಸಿಕೊಳ್ಳಲಿಲ್ಲ. ಪೂರ್ವಿಕರ ರಕ್ತದಲ್ಲಿ ಆ ಶಕ್ತಿಯಿದ್ದ ಶ್ರೀಮಂತ ಕುಲದವರಿಗೂ ಅದು ಒಲಿಯಿತು. ಗಂಡನನ್ನು ಕಳೆದುಕೊಂಡ ರಾಣಿ ನೆಹಾಂಡಾ ಎಲ್ಲರಿಗಿಂತ ಭಯಂಕರಳಾಗಿ ನಿಲ್ಲುತ್ತಾಳೆ. ನ್ಯಾಯಕ್ಕಾಗಿ ಪಡೆದ ಆಯುಧ ನ್ಯಾಯವಂತರ ಕೈಯಲ್ಲಿಯೇ ಉಳಿಯುವುದೆಂಬ ಭರವಸೆ ಯಾರಿಗಿದೆ? ಈಗ ಎರಡು ಪಕ್ಷಗಳಲ್ಲಿಯೂ ಮಂತ್ರವಿದೆ. ಎರಡು ಪಕ್ಷಗಳಲ್ಲಿಯೂ ಸತ್ತವರ ಲೆಕ್ಕವಿದೆ. ಹೊಲಮನೆಗಳಂತೆ ಹಗೆಯೂ ಹಿರಿಯರ ಆಸ್ತಿಯಾಗಿ ಮಕ್ಕಳಿಗೆ ಇಳಿದು ಬರುತ್ತದೆ. ತಂದೆಯ ಕ್ರೌರ್ಯವನ್ನು ಕೊನೆಗಾಣಿಸಹೊರಟ ಅಮಾರಿ, ಕದನ ಬೆಳೆದಂತೆ, ತಂದೆ ಕೈಗೊಳ್ಳಬಹುದಾಗಿದ್ದ ನಿರ್ಣಯಗಳನ್ನೇ ತಾನೂ ಕೈಗೊಳ್ಳಲಾರಂಭಿಸುತ್ತಾಳೆ. ಈ ಗ್ರಂಥದ ಅತ್ಯಂತ ದಾರುಣವಾದ ಸಂಗತಿ ಇದೇ ಎಂದು ನಮ್ಮ ಭಾವನೆ.

ನಮ್ಮ ಓದುಗರಿಗೆ ಈ ತಿರುಳು ಅಪರಿಚಿತವಲ್ಲ. ತಕ್ಷಕನಿಂದ ತಂದೆ ಪರೀಕ್ಷಿತನನ್ನು ಕಳೆದುಕೊಂಡ ಜನಮೇಜಯ ಸರ್ಪಕುಲವನ್ನೇ ಸುಡಲು ಯಾಗ ಹೂಡಿದನು. ವೈಶಂಪಾಯನನು ಅವನಿಗೆ ಮಹಾಭಾರತವನ್ನು ಹೇಳಿದ್ದು ಆ ಯಾಗದ ಸಂದರ್ಭದಲ್ಲಿಯೇ. ಅಲ್ಲಿಯೂ ಮಂತ್ರ, ಕುಲ, ಸೇಡು ಮೂರೂ ಒಂದೆಡೆ ಕೂಡಿವೆ. ಆ ಬೆಂಕಿಯನ್ನು ನಿಲ್ಲಿಸಿದವನು ಋಷಿಯ ಮಗನೂ ನಾಗಕನ್ಯೆಯ ಮಗನೂ ಆದ ಆಸ್ತೀಕ. ಹೆಚ್ಚಿನ ಮಂತ್ರದಿಂದ ಅಲ್ಲ, ವರವನ್ನು ಬೇಡಿ ನಿಲ್ಲಿಸಿದನು. ಒರಿಶಾದಲ್ಲಿ ಅಮಾರಿಯೂ ಅವಳ ಅಣ್ಣ ಇನಾನನೂ ಎರಡು ಪಕ್ಷಗಳ ನೋವನ್ನೂ ಬಲ್ಲವರು, ಆಸ್ತೀಕರಾಗಬಹುದಾಗಿದ್ದವರು. ಆದರೆ ಅವರು ಆಡಿದ ಸಂಧಿಯ ಮಾತನ್ನು ನಂಬುವವರಿಲ್ಲ. ಮೊದಲು ನಂಬಿಕೆ ಮುರಿದದ್ದಾಗಿದೆ. ಮಾತು ಆಮೇಲೆ ಬಂದಿದೆ.

ಕೃತಿಯಲ್ಲಿ ದೋಷಗಳಿಲ್ಲದೆ ಇಲ್ಲ. ಒಂದು ಕಾಳಗದ ಧೂಳು ಅಡಗುವ ಮುನ್ನವೇ ಇನ್ನೊಂದು ಆರಂಭವಾಗುವುದರಿಂದ ದುಃಖಕ್ಕೆ ನೆಲೆನಿಲ್ಲಲು ಎಡೆಯಿಲ್ಲ. ಅವೇ ಸಂಶಯಗಳು, ಅವೇ ಜಗಳಗಳು ಮರುಕಳಿಸುತ್ತವೆ. ಆದರೂ ತರುಣ ಓದುಗನಿಗೆ ಸುಲಭವಾದ ಸಮಾಧಾನವನ್ನು ಕೊಡದಿರುವ ಲೇಖಕಿಯ ಧೈರ್ಯವನ್ನು ಮೆಚ್ಚಲೇಬೇಕು. ಅನ್ಯಾಯವನ್ನು ಸಹಿಸಿಕೊಂಡಿರು ಎಂದು ಅವರು ಎಲ್ಲಿಯೂ ಬೋಧಿಸುವುದಿಲ್ಲ. ಜೆಲಿಯ ಕೋಪ ನ್ಯಾಯವಾದದ್ದೆ. ಆ ಕೋಪ ಯಾರನ್ನೆಲ್ಲ ಸುಡುತ್ತದೆ ಎಂಬುದನ್ನು ಮಾತ್ರ ಅವರು ಮರೆಮಾಚುವುದಿಲ್ಲ.

ವಿದ್ಯಾರ್ಥಿಗಳು ಇಂತಹ ಪುಸ್ತಕಗಳನ್ನು ನಾವು ಬೇಡವೆಂದರೂ ಓದುತ್ತಾರೆ. ಉಪಾಧ್ಯಾಯರು ತಾವೂ ಒಮ್ಮೆ ಓದಿ, ತರಗತಿಯಲ್ಲಿ ಆಸ್ತೀಕನ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಲಿ. ಖಳನು ಬಿದ್ದೊಡನೆ ಮುಗಿಯುವ ಕಥೆಗಳು ನಮ್ಮ ಮಕ್ಕಳಿಗೆ ಬೇಕಾದಷ್ಟು ಸಿಗುತ್ತವೆ. ಬಿದ್ದವನಿಗೂ ಮನೆಯಿತ್ತು, ಮಕ್ಕಳಿದ್ದರು ಎಂದು ನೆನಪಿಸುವ ಕಥೆಗಳು ವಿರಳ. ಅಂತಹವು ಕನ್ನಡದ ತರುಣರಿಗೆ ಕನ್ನಡದಲ್ಲಿಯೇ ಹೆಚ್ಚಾಗಿ ಬರಲೆಂದು ಹಾರೈಸೋಣ.